ಹೆಬ್ಬೆರಳಿನ ಗೆಣ್ಣಿನಷ್ಟು ಚಕ್ಕೆ

"ಏನೇ ತಂಗಿ, ನಿಮ್ಮತ್ತೆ ಕೆಮ್ಮು ಮೂರು ದಿನದಿಂದ ನಮ್ಮನೆ ಜಗಲಿವರೆಗೂ ಕೇಳ್ತಾ ಇದೆಯಲ್ಲ. ಕಷಾಯ ಮಾಡಿಕೊಟ್ಟೆಯೋ ಇಲ್ವೋ?"

ದಾಸವಾಳದ ಬೇಲಿಯಾಚೆ ಹೂ ಕೊಯ್ಯುತ್ತಿದ್ದ ಅಕ್ಕನ ದನಿ. ನಾನು ಪಾತ್ರೆ ತೊಳೆಯುವುದನ್ನು ಬಿಟ್ಟು ಎದ್ದೆ.

"ಮಾಡಿದೆ ಅಕ್ಕ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಒಣಶುಂಠಿ ಎಲ್ಲ ಹಾಕಿದ್ದೆ. ಬೇಗ ಗುಣ ಆಗ್ಲಿ ಅಂತ ಅಂಗಡಿ ಚಕ್ಕೆ ನಾಲ್ಕು ತುಂಡು ಹಾಕಿ ಚೆನ್ನಾಗಿ ಕುದಿಸಿದೆ. ಒಗರು, ಖಾರ ಅಂತ ಒಂದೇ ಗುಟುಕಿಗೆ ಲೋಟ ಕೆಳಗಿಟ್ರು."

"ಎಲ್ಲಿ, ಆ ಚಕ್ಕೆ ತಾ ನೋಡೋಣ."

ತಂದು ಕೊಟ್ಟೆ. ಅಕ್ಕ ಎರಡೂ ಕೈಯಲ್ಲಿ ಹಿಡಿದು ಮುರಿಯಲು ನೋಡಿದರು. ಸುಲಭಕ್ಕೆ ಮುರಿಯಲಿಲ್ಲ. ದಪ್ಪಗೆ, ಕಪ್ಪುಗೆಂಪಗೆ, ಒಂದೇ ಪದರದ ಒರಟು ತೊಗಟೆ. ಅವರು ಒಳಗೆ ಹೋಗಿ ತಮ್ಮ ಡಬ್ಬಿ ತಂದರು. ಅದರಲ್ಲಿದ್ದದ್ದು ತೆಳ್ಳಗೆ, ತಿಳಿಕಂದು ಬಣ್ಣದ್ದು, ಕಾಗದದ ಸುರುಳಿಯಂಥದ್ದು. ಬೆರಳಲ್ಲಿ ಒತ್ತಿದರೆ ಸಾಕು, ಪಟ್ಟನೆ ಮುರಿಯಿತು. ಮೂಗಿಗೆ ಹಿಡಿದರೆ ಸಿಹಿಯಾದ ಪರಿಮಳ.

"ನಿಂದು ಚೀನಾ ಕಡೆ ಜಾತಿ. ಇದು ನಮ್ಮ ಬೇಲಿ ಗಿಡದ್ದು, ಸಿಂಹಳದ ಜಾತಿ" ಅಂದರು.

ನಮ್ಮಿಬ್ಬರ ಬೇಲಿಯ ಮೂಲೆಯಲ್ಲಿ ಆ ಗಿಡ ನಿಂತಿರುವುದನ್ನು ನಾನು ದಿನಾ ನೋಡುತ್ತೇನೆ. ಎಲೆಯ ಬುಡದಿಂದ ತುದಿಯವರೆಗೆ ಎದ್ದು ಕಾಣುವ ಮೂರು ನರ, ಚಿಗುರಿದಾಗ ಮಾವಿನ ತಳಿರಿನ ಹಾಗೆ ಕೆಂಪು. ಪಲಾವಿಗೆ ಎಲೆ ಕೀಳುವುದು ಬಿಟ್ಟರೆ ಅದರ ಕಡೆ ತಿರುಗಿ ನೋಡಿದ್ದಿಲ್ಲ. ಪಾರ್ಸಿಯಲ್ಲಿ 'ದಾರ್‌ಚೀನಿ' ಅಂದರೆ ಚೀನಾದ ಮರ. ನಮ್ಮ 'ದಾಲ್ಚಿನ್ನಿ' ಅಲ್ಲಿಂದ ಬಂದ ಹೆಸರು. ಆದರೆ ಈ ತೆಳು ಚಕ್ಕೆಯ ತವರು ಸಿಂಹಳ. ಇದರ ವ್ಯಾಪಾರ ಕೈಗೆ ಹಾಕಿಕೊಳ್ಳಲು ಪೋರ್ಚುಗೀಸರೂ ಡಚ್ಚರೂ ಅಲ್ಲಿ ಬಡಿದಾಡಿದರು. 1658ರಲ್ಲಿ ಡಚ್ಚರು ಪೋರ್ಚುಗೀಸರನ್ನು ಆ ದ್ವೀಪದಿಂದಲೇ ಓಡಿಸಿದರು. ಹಡಗು ಹಡಗು ಕಾದಾಡಿದ ವಸ್ತು ನಮ್ಮ ಬೇಲಿಯಲ್ಲಿ ಮಳೆಗೆ ನೆನೆಯುತ್ತಾ ನಿಂತಿದೆಯಲ್ಲ ಅನ್ನಿಸಿತು.

"ಹಾಗಾದ್ರೆ ಹೇಗೆ ಮಾಡ್ಲಿ, ನೀವೇ ಹೇಳಿ."

"ಎರಡು ಲೋಟ ನೀರು. ಹೆಬ್ಬೆರಳಿನ ಗೆಣ್ಣಿನಷ್ಟು ಚಕ್ಕೆ, ಅಷ್ಟೇ. ಜಜ್ಜಿದ ಶುಂಠಿ ಚೂರು, ನಾಲ್ಕು ಕಾಳುಮೆಣಸು. ಒಂದು ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ತಟ್ಟೆ ಮುಚ್ಚು. ಮುಚ್ಚದಿದ್ರೆ ಗುಣ ಎಲ್ಲ ಆವಿ ಜೊತೆ ಹೋಗತ್ತೆ. ಮನೆ ತುಂಬ ಘಮ, ಲೋಟದಲ್ಲಿ ಬರೀ ಬಿಸಿನೀರು. ಹತ್ತು ನಿಮಿಷ ಬಿಟ್ಟು ಸೋಸು. ಚಕ್ಕೆ ಪುಡಿ ಮಾತ್ರ ಹಾಕ್ಬೇಡ, ಲೋಳೆಲೋಳೆ ಆಗತ್ತೆ. ಬೆಲ್ಲ ಬೇಕಾದ್ರೆ ಕೊನೆಗೆ. ಜೇನುತುಪ್ಪ ಆದ್ರೆ ಕುಡಿಯೋ ಹದಕ್ಕೆ ಆರಿದ ಮೇಲೆ."

"ಇಷ್ಟು ಚೂರು ಸಾಕಾ?"

"ಸಾಕು ತಂಗಿ. ನಮ್ಮಮ್ಮ ಶೀತಕ್ಕೆ, ಹೊಟ್ಟೆ ಉಬ್ಬರಕ್ಕೆ, ಮುಟ್ಟಿನ ಹೊಟ್ಟೆನೋವಿಗೆ ಇದನ್ನೇ ಕೊಡ್ತಿದ್ರು. ಒಂದು ದಿನವೂ ಇದಕ್ಕಿಂತ ಜಾಸ್ತಿ ಹಾಕಿದ್ದು ನಾನು ನೋಡಿಲ್ಲ."

ಆಗ ನನಗೆ ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣ ನೆನಪಾಯಿತು. ಅದರಲ್ಲಿ ಕಲ್ಲುಸಕ್ಕರೆ 16 ಪಾಲು, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ ಒಂದೇ ಪಾಲು. ಒಟ್ಟು 31ರಲ್ಲಿ ಒಂದು! ಆಯುರ್ವೇದದವರು 'ತ್ವಕ್' ಎಂದು ಹೆಸರಿಟ್ಟು ಗೌರವಿಸಿದ ಚಕ್ಕೆಗೆ ಅಲ್ಲಿ ಸಿಕ್ಕಿದ ಜಾಗ ಕಟ್ಟಕಡೆಯದು, ಅಳತೆ ಎಲ್ಲಕ್ಕಿಂತ ಸಣ್ಣದು. ನಾನೋ, ನಾಲ್ಕು ತುಂಡು ಸುರಿದಿದ್ದೆ.

"ಅಳತೆ ಅಂದ್ರೆ ನೆನಪಾಯ್ತು, ಪೇಟೇಲಿರೋ ನನ್ನ ತಮ್ಮ ಸಕ್ಕರೆ ಕಾಯಿಲೆಗೆ ಅಂತ ದಿನಾ ಬೆಳಿಗ್ಗೆ ಒಂದು ದೊಡ್ಡ ಚಮಚ ಚಕ್ಕೆಪುಡಿ ನೀರಿಗೆ ಕಲಸಿ ಕುಡೀತಾನೆ. ಒಳ್ಳೇದೇ ಅಲ್ವಾ?"

"ಅಕ್ಕ, ಅವರಿಗೆ ಇವತ್ತೇ ಫೋನ್ ಮಾಡಿ. ಅಂಗಡಿ ಪುಡಿ ಬಹಳ ಸಲ ಈ ದಪ್ಪ ಚಕ್ಕೆಯದೇ ಇರತ್ತೆ. ಇದರಲ್ಲಿ ಕೂಮರಿನ್ ಅನ್ನೋ ಅಂಶ ಜಾಸ್ತಿ. ತೆಳು ಚಕ್ಕೆಯಲ್ಲಿ ಇದ್ದೂ ಇಲ್ಲದಷ್ಟು. ದಿನಾ ಮಿತಿ ಮೀರಿದ್ರೆ ಕೆಲವರ ಪಿತ್ತಜನಕಾಂಗಕ್ಕೆ ಪೆಟ್ಟು. 60 ಕಿಲೋ ತೂಕದವರಿಗೆ ದಿನಕ್ಕೆ 2 ಗ್ರಾಂ ದಪ್ಪ ಚಕ್ಕೆ ಅಂದ್ರೆ ಅದೇ ಮೇಲಿನ ಮಿತಿ ಅಂತ ಜರ್ಮನಿಯ ಆಹಾರ ಸುರಕ್ಷತೆಯ ತಜ್ಞರು ಲೆಕ್ಕ ಹಾಕಿದ್ದಾರೆ. ಒಂದು ಚಿಕ್ಕ ಚಮಚ ಪುಡಿಯೇ ಅದನ್ನು ದಾಟತ್ತೆ. ಇನ್ನು ಸಕ್ಕರೆ ಇಳಿಯತ್ತೆ ಅನ್ನೋದಕ್ಕೆ ಪರೀಕ್ಷೆ ಮಾಡಿದವರಲ್ಲೇ ಒಮ್ಮತ ಇಲ್ಲ. ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಬಿಡಬಾರದು. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಬಸುರಿಯರು ಕೇಳದೆ ದಿನಾ ಕುಡಿಯೋದೂ ಬೇಡ."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮಾತ್ರೆ ಬಿಟ್ಟಿದ್ದಾನೋ ಏನೋ, ಕೇಳ್ಬೇಕು" ಅಂದವರೇ ತಮ್ಮ ಡಬ್ಬಿಯಿಂದ ಆರಿಸಿ ಒಂದು ಚೂರು ನನ್ನ ಅಂಗೈಗಿಟ್ಟರು.

"ಒಂದು ವಾರಕ್ಕೂ ನಿಲ್ದಿದ್ರೆ ಅತ್ತೇನ ಆಸ್ಪತ್ರೆಗೆ ಕರ್ಕೊಂಡು ಹೋಗು. ಅಲ್ಲಿವರೆಗೆ ಇದು."

"ನಮ್ಮ ಕಡೆ ಬಾಗಿರೋ ಕೊಂಬೆಯಿಂದ ನಾನೇ ಒಂದಿಷ್ಟು ಚಕ್ಕೆ ತೆಗೀಲಾ ಅಕ್ಕ?"

"ಈಗ ಬೇಡ, ಚಿಗುರು ಇನ್ನೂ ಕೆಂಪಿದೆ, ತೊಗಟೆ ಬಿಡಲ್ಲ. ಎಲೆ ಹಸಿರಿಗೆ ತಿರುಗ್ಲಿ. ಆಗ ಹೆಬ್ಬೆರಳು ಗಾತ್ರದ ಕೋಲು ನೋಡಿ ಬುಡಕ್ಕೇ ಕಡಿ. ಅಲ್ಲಿಂದ ಮತ್ತೆ ನಾಲ್ಕು ಹೊಡೀತಾವೆ. ಮೇಲಿನ ಸಿಪ್ಪೆ ಹೆರೆದು, ಕತ್ತಿ ಹಿಡಿಯಿಂದ ಚೆನ್ನಾಗಿ ಉಜ್ಜಿ, ಉದ್ದಕ್ಕೆ ಸೀಳಿದ್ರೆ ಒಳತೊಗಟೆ ಹಾಗೇ ಎದ್ದು ಬರತ್ತೆ. ನೆರಳಲ್ಲಿ ಒಣಗಿಸು, ತಾನೇ ಸುರುಳಿ ಸುತ್ತಿಕೊಳ್ಳತ್ತೆ."

ಆ ಸಂಜೆ ತಟ್ಟೆ ಮುಚ್ಚಿ ಕಾಯಿಸಿದೆ. ಲೋಟದಲ್ಲಿ ಹೊಂಬಣ್ಣದ ತಿಳಿನೀರು. ಅತ್ತೆ ಊದಿ ಊದಿ ಕುಡಿದರು, ತಳದವರೆಗೂ. "ಇನ್ನೊಂಚೂರು ಇದೆಯಾ?" ಅಂದರು.

ಬೆಳಿಗ್ಗೆ ಬೇಲಿಯ ಹತ್ತಿರ ಹೋದಾಗ ಅಕ್ಕನೇ ಮೊದಲು ಹೇಳಿದರು, ತಮ್ಮ ಮಾತ್ರೆ ಬಿಟ್ಟಿಲ್ಲವಂತೆ, ಪುಡಿ ನಿಲ್ಲಿಸುತ್ತಾನಂತೆ. ಮೂಲೆಯ ಗಿಡದ ಚಿಗುರು ಇನ್ನೂ ಕೆಂಪಗೇ ಇತ್ತು.