ಬಿನ್ನವತ್ತಳೆ ಬರೆಯೋ ಮೇಷ್ಟ್ರು

ನಮ್ಮ ಮಧುಗಿರಿ ಕಡೆ ಬಿನ್ನವತ್ತಳೆ ಬರೆದುಕೊಡೋರು ಯಾರು ಹೇಳಿ? ಹೈಸ್ಕೂಲಿನ ಕನ್ನಡ ಮೇಷ್ಟ್ರೇ ಅಲ್ವಾ? ಜಾತ್ರೆ ಕರಪತ್ರದ ಒಕ್ಕಣೆ, ಬೋರ್‌ವೆಲ್ ಕೆಟ್ಟರೆ ತಹಶೀಲ್ದಾರರಿಗೆ ಅರ್ಜಿ, ಯಾರಾದರೂ ತೀರಿಕೊಂಡರೆ ವೈಕುಂಠ ಸಮಾರಾಧನೆ ಕಾರ್ಡು, ಎಲ್ಲಾ ಅವರ ತಲೆಗೇ. ಸಂಬಳ ಪಾಠಕ್ಕೆ ಮಾತ್ರ. ಮಿಕ್ಕಿದ್ದಕ್ಕೆಲ್ಲ ಅರ್ಧ ಲೋಟ ಕಾಫಿ.

ಅದರಲ್ಲೂ ಲಗ್ನಪತ್ರಿಕೆ! ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ ನೆನಪಿದೆಯಲ್ಲ? ಕರಡು ತೆಗೆದಾಗ ಇಂಕು ಒದ್ದೆಯಾಗೇ ಇರುತ್ತಿತ್ತು, ಮುಟ್ಟಿದರೆ ಬೆರಳಿಗೆ ಕಪ್ಪು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಒತ್ತಕ್ಷರ, ದೀರ್ಘ ಎಲ್ಲ ನೋಡೋರು. ಹೆಣ್ಣಿನ ಕಡೆಯವರು ಅದನ್ನ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವರ ಕಣ್ಣೆಲ್ಲ ಕೆಳಗಡೆ, ‘ತಮ್ಮ ಸುಖಾಗಮನವನ್ನು ಬಯಸುವ’ ಅನ್ನೋ ಪಟ್ಟಿ ಮೇಲೆ. ದೀರ್ಘ ತಪ್ಪಿದರೆ ಮದುವೆ ನಿಲ್ಲಲ್ಲ, ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂದರೆ ದೊಡ್ಡಪ್ಪ ಚಪ್ಪರದ ಕೆಳಗೆ ಬರಲ್ಲ! ಪಾವಗಡದ ಕಡೆ ಇನ್ನೂ ಮಜಾ. ಎಷ್ಟೋ ಮನೆಯಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಪಟ್ಟಿಯ ಜಗಳ ಎರಡು ಭಾಷೆಯಲ್ಲಿ ನಡೆಯುತ್ತೆ.

ಎಲ್ಲಿಗೋ ಹೋದೆ ನೋಡಿ. ಹೇಳಬೇಕು ಅಂತಿದ್ದಿದ್ದು ಇನ್ನೊಬ್ಬ ಕನ್ನಡ ಮೇಷ್ಟ್ರು, ನಮ್ಮ ಬರಗೂರು ರಾಮಚಂದ್ರಪ್ಪನವರ ಬಗ್ಗೆ. ಶಿರಾ ತಾಲ್ಲೂಕಿನ ಬರಗೂರಿನವರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಕಥೆ, ಕಾದಂಬರಿ, ವಿಮರ್ಶೆ ಒಂದು ಕಡೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ ಗುಂಪಿನಲ್ಲಿ ಮುಂದೆ ನಿಂತವರು. ‘ಜನುಮದ ಜೋಡಿ’ ಸಿನಿಮಾದ ಸಂಭಾಷಣೆಯೂ ಅವರದೇ. ಆಮೇಲೆ ‘ಶಾಂತಿ’ ಅಂತ ಒಂದು ಸಿನಿಮಾ ಮಾಡಿದರು. ಇಡೀ ಚಿತ್ರಕ್ಕೆ ಒಬ್ಬರೇ ನಟಿ, ಭಾವನಾ. ಗಿನ್ನೆಸ್ ದಾಖಲೆಯಂತೆ. ಒಬ್ಬರೇ ಕೂತು ಅಷ್ಟು ಹೊತ್ತು ಮಾತಾಡೋ ಅಜ್ಜಿಯರು ನಮ್ಮ ಬೀದಿಯಲ್ಲೇ ಇದ್ದಾರೆ, ಕ್ಯಾಮೆರಾ ಇಡೋರಿಲ್ಲ ಅಷ್ಟೇ! 2016ರಲ್ಲಿ ರಾಯಚೂರಿನಲ್ಲಿ ನಡೆದ 82ನೇ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಇಷ್ಟೆಲ್ಲ ಮಾಡಿದವರ ಹೆಸರು ಟಿವಿಯಲ್ಲಿ ದಿನಗಟ್ಟಲೆ ಓಡಾಡಿದ್ದು ಯಾವುದಕ್ಕೆ? ಬರೆದಿದ್ದಕ್ಕಲ್ಲ, ಕಲಿಸಿದ್ದಕ್ಕೂ ಅಲ್ಲ, ತಿದ್ದಿದ್ದಕ್ಕೆ! ಅವರ ಸಮಿತಿ ಪರಿಷ್ಕರಿಸಿದ ಶಾಲಾ ಪುಸ್ತಕಗಳು 2017-18ರಲ್ಲಿ ಮಕ್ಕಳ ಕೈಗೆ ಬಂದವು. 2022ರಲ್ಲಿ ರೋಹಿತ್ ಚಕ್ರತೀರ್ಥ ಅವರ ಸಮಿತಿ ಅದನ್ನೇ ಮತ್ತೆ ತಿದ್ದಿತು. ಅದನ್ನ ವಿರೋಧಿಸಿ ಸಾಹಿತಿ ದೇವನೂರ ಮಹಾದೇವ ಅವರು ಈ ಪುಸ್ತಕದಲ್ಲಿ ನನ್ನ ಪಾಠ ಬೇಡವೇ ಬೇಡ ಅಂದರು. 2023ರಲ್ಲಿ ಸರ್ಕಾರ ಬದಲಾಯಿತು, ಇನ್ನೊಂದು ಸುತ್ತು ತಿದ್ದುಪಡಿ. ಅಷ್ಟರಲ್ಲಿ ಪುಸ್ತಕ ಹಂಚಿಯಾಗಿತ್ತು. ಹಾಗಾಗಿ ಪೂರಕ ಪಠ್ಯ ಬೇರೆಯಾಗಿ ಬಂತು. ಕೈಬಿಟ್ಟ ಪಾಠ ಪುಸ್ತಕದಲ್ಲಿ ಇತ್ತು, ಆದರೆ ಅದನ್ನ ಓದೋ ಹಾಗಿರಲಿಲ್ಲ. ಮಕ್ಕಳು ಅದನ್ನೇ ಮೊದಲು ಓದಿರಬೇಕು ಬಿಡಿ.

ಇದೂ ಲಗ್ನಪತ್ರಿಕೆ ಪಟ್ಟಿಯದೇ ಜಗಳ ಅಲ್ವಾ? ಯಾರ ಹೆಸರು ಒಳಗೆ, ಯಾರದು ಹೊರಗೆ, ಯಾರು ಯಾರಿಗಿಂತ ಮೇಲೆ. ಕಾಗುಣಿತಕ್ಕೆ ಬಡಿದಾಡಿದವರನ್ನ ನಾನಂತೂ ಕಾಣೆ.

ಪಟ್ಟಿ ಅಂದಾಗ ನೆನಪಾಯ್ತು, ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿಯೇ ಬೇರೆ, ತುಮಕೂರೇ ಬೇರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಒಂದು ಶೈಕ್ಷಣಿಕ ಜಿಲ್ಲೆ. ಜಿಲ್ಲಾಧಿಕಾರಿ ಇಲ್ಲದ ಜಿಲ್ಲೆ! ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಅಂದರೆ ಡಿಡಿಪಿಐ ಸಾಹೇಬರೇ ಇಲ್ಲಿ ದೊಡ್ಡವರು. ಫಲಿತಾಂಶದ ದಿನ ಇಂಥದೇ ಶೈಕ್ಷಣಿಕ ಜಿಲ್ಲೆಗಳಾದ ಸಿರ್ಸಿ, ಚಿಕ್ಕೋಡಿಗಳ ಜೊತೆ ನಮಗೂ ಪೈಪೋಟಿ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತೋಕೆ ಬರೋರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?

ಈ ಜಿಲ್ಲೆಯ ಕೊರಟಗೆರೆ ಕಡೆಯವರೇ ತುಂಬಾಡಿ ರಾಮಯ್ಯನವರು. ಅವರ ಆತ್ಮಕಥೆ ‘ಮಣೆಗಾರ’. ದಲಿತ ಕೇರಿಯ ಬದುಕನ್ನು ಒಳಗಿನಿಂದ ಹೇಳೋ ಪುಸ್ತಕ. ಯಾವ ಸುಖಾಗಮನದ ಪಟ್ಟಿಯಲ್ಲೂ ಹೆಸರು ಬಾರದ ಜನರ ಕಥೆ. ನನ್ನ ಕೇಳಿದರೆ ನಮ್ಮ ನಾಲ್ಕೂ ತಾಲ್ಲೂಕಿನ ಹೈಸ್ಕೂಲು ಲೈಬ್ರರಿಯಲ್ಲಿ ಇರಲೇಬೇಕು. ನೀವೂ ಹುಡುಕಿ ಓದಿ. ನನ್ನ ಹತ್ತಿರ ಕೇಳಬೇಡಿ, ನನ್ನ ಪ್ರತಿ ಎರವಲು ಹೋಗಿದ್ದು ಇನ್ನೂ ವಾಪಸ್ ಬಂದಿಲ್ಲ.