ತೂಕದ ಕಟ್ಟೆಯ ಮೇಲೊಂದು ತರ್ಕ

ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಲ್ಲಿ ಲಾರಿಯ ಒಟ್ಟು ತೂಕ, ಅಂದರೆ ಸರಕು ಸಮೇತ ವಾಹನದ ಭಾರ, ಸಾಮಾನ್ಯವಾಗಿ 80,000 ಪೌಂಡುಗಳನ್ನು ಮೀರಬಾರದೆಂದು ಒಕ್ಕೂಟ ಸರ್ಕಾರದ ಕಾನೂನು ವಿಧಿಸಿದ್ದರೂ, ಅದನ್ನು ಜಾರಿಗೊಳಿಸುವ ಹೊಣೆ ರಾಜ್ಯಗಳದಾಗಿರುವುದರಿಂದ, ತೂಕದ ಕಟ್ಟೆಯ ಮೇಲೆ ನಡೆಯುವ ಮಾತುಕತೆಗೆ ತರ್ಕಶಾಸ್ತ್ರದ ಗಾಂಭೀರ್ಯ ತಾನಾಗಿಯೇ ಬಂದುಬಿಡುತ್ತದೆ.

ಚಾಲಕ: ಒಟ್ಟು ತೂಕ 79,000 ಇದ್ದರೂ ದಂಡವೇಕೆ, ಸ್ವಾಮಿ?

ಅಧಿಕಾರಿ: ಒಂಟಿ ಅಚ್ಚಿಗೆ 20,000, ಜೋಡಿ ಅಚ್ಚಿಗೆ 34,000 ಎಂಬ ಮಿತಿಗಳಿವೆ, ಅವುಗಳ ಮೇಲೆ, ಅಚ್ಚುಗಳ ಸಂಖ್ಯೆಗೂ ಅವುಗಳ ನಡುವಿನ ಅಂತರಕ್ಕೂ ತಕ್ಕಂತೆ ಭಾರವನ್ನು ನಿಗದಿಪಡಿಸುವ ಸೇತುವೆ ಸೂತ್ರವಿದೆ. ತಮ್ಮ ಲಾರಿ ಹಗುರವೇ. ಅಚ್ಚುಗಳ ಸ್ನೇಹ ಮಾತ್ರ ಅತಿಯಾಗಿದೆ.

ಚಾಲಕ: ಮಿಷಿಗನ್ ರಾಜ್ಯದಲ್ಲಿ 11 ಅಚ್ಚುಗಳ ಲಾರಿ 1,64,000 ಪೌಂಡು ತೂಗಬಹುದಲ್ಲವೇ?

ಅಧಿಕಾರಿ: ಒಕ್ಕೂಟದ ಮಿತಿಗಿಂತ ಮೊದಲೇ ರಾಜ್ಯದಲ್ಲಿದ್ದ ನಿಯಮವನ್ನು ಉಳಿಸಿಕೊಡುವ ಪೂರ್ವಾರ್ಜಿತ ಹಕ್ಕದು. ಪಿತ್ರಾರ್ಜಿತ ಭಾರ ಸೇತುವೆಗೆ ತಾಕುವುದಿಲ್ಲವೆಂದು ಕಾನೂನು ನಂಬಿದೆ.

ಚಾಲಕ: ಹಿಂದೆ ಮಿತಿ ಕಡಿಮೆಯಿತ್ತಂತೆ?

ಅಧಿಕಾರಿ: 1956ರಲ್ಲಿ 73,280, 1974ರಲ್ಲಿ ಏರಿಸಲು ಅನುಮತಿಯಷ್ಟೇ ದೊರೆತಾಗ ಮಿಸಿಸಿಪ್ಪಿ ನದಿಯ ದಂಡೆಯ ಇಲಿನಾಯ್, ಮಿಸೌರಿ, ಅರ್ಕನ್ಸಾಗಳು ಒಪ್ಪದೆ, 1982ರ ಕಾನೂನು ಕಡ್ಡಾಯಗೊಳಿಸುವವರೆಗೆ, ದೇಶದ ನಡುವೆ ಗೋಡೆಯಂತೆ ನಿಂತಿದ್ದವು.

ಚಾಲಕ: ಉದ್ದಕ್ಕೇನು ಗರಿಷ್ಠ?

ಅಧಿಕಾರಿ: ಅರೆಟ್ರೇಲರಿಗೆ ಒಕ್ಕೂಟ ಗರಿಷ್ಠವನ್ನು ಹೇಳುವುದಿಲ್ಲ, ರಾಜ್ಯಗಳ ಗರಿಷ್ಠ 48 ಅಡಿಗಿಂತ ಕಡಿಮೆಯಾಗಬಾರದೆಂದು ಗರಿಷ್ಠಕ್ಕೇ ಒಂದು ಕನಿಷ್ಠವನ್ನು ಹೇಳುತ್ತದೆ.

ಚಾಲಕ: ಎತ್ತರಕ್ಕೆ?

ಅಧಿಕಾರಿ: ಒಕ್ಕೂಟದ ಮಿತಿಯಿಲ್ಲ, ರಾಜ್ಯದ್ದಿದೆ, ಅದನ್ನು ಮೀರಿದವರ ಮೇಲ್ಮನವಿಯನ್ನು ಮುಂದಿನ ಮೇಲ್ಸೇತುವೆ ಆಲಿಸುತ್ತದೆ.