ಜಾವಾ ರಬ್ಬರ್ ಕಾಠಿನ್ಯ ಮೀಮಾಂಸೆ

ವಿಷಯಪ್ರವೇಶ: 1961ರಿಂದ 1996ರವರೆಗೆ ಮೈಸೂರಿನಲ್ಲಿ ಅವತರಿಸಿದ ಜಾವಾ, ಯೆಜ್ಡಿ ಬೈಕುಗಳ ತುಕ್ಕು ಉಜ್ಜಿದರೆ ಹೋಗುತ್ತದೆ, ಕ್ರೋಮ್ ಕೊಟ್ಟರೆ ಬರುತ್ತದೆ. ಕಲ್ಲಾದ ರಬ್ಬರಿನ ಗತಿಯೇನು ಎಂಬುದೇ ಇಲ್ಲಿನ ಜಿಜ್ಞಾಸೆ.

ಕಾರಣ: ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿದ್ಯೆಗೆ ಚಾರ್ಲ್ಸ್ ಗುಡ್‌ಇಯರ್ ಎಂಬ ಅಮೆರಿಕದ ಋಷಿ 1844ರಲ್ಲಿ ಪೇಟೆಂಟ್ ಪಡೆದನು. ಗಂಧಕವು ಎಳೆಎಳೆಗೂ ಕೊಂಡಿ ಹಾಕುತ್ತದೆ. ರಬ್ಬರು ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವುದು ಅದರಿಂದಲೇ. ಮುಂದೆ ಇಂಜಿನ್ನಿನ ಕಾವೂ ಗಾಳಿಯ ಆಮ್ಲಜನಕವೂ ಸೇರಿ ಹೊಸ ಕೊಂಡಿ ಹಾಕುತ್ತಲೇ ಹೋಗುತ್ತವೆ. ನಂಟು ಅತಿಯಾದಲ್ಲಿ ಯಾರೂ ಬಾಗುವುದಿಲ್ಲವೆಂಬುದನ್ನು ಕೂಡುಕುಟುಂಬದವರಿಗೆ ವಿವರಿಸಬೇಕಿಲ್ಲ.

ಪ್ರಮಾಣ: ಪ್ರತ್ಯಕ್ಷಕ್ಕೆ ಉಗುರೊತ್ತಿ ನೋಡತಕ್ಕದ್ದು. ಗುರುತು ಮೂಡಿ ಮಾಯವಾದರೆ ಜೀವವಿದೆ. ಉಗುರೇ ಮುರಿದರೆ ಇಲ್ಲ. ಇನ್ನು ಅನುಮಾನ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವುದರಲ್ಲೇ ತಾರ್ಕಿಕರು ಶತಮಾನಗಳನ್ನು ಕಳೆದರು. ಸೈಲೆನ್ಸರಿನಲ್ಲಿ ಬಿಳಿ ಹೊಗೆ ನಿಲ್ಲದೆ ಬಂದು, ಗೇರ್‌ಬಾಕ್ಸಿನ ಆಯಿಲ್ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಸತ್ತಿದೆಯೆಂದು ಊಹಿಸುವುದು ಅದಕ್ಕಿಂತ ಉಪಯುಕ್ತ. ಕೊನೆಯದು ಶಬ್ದಪ್ರಮಾಣ: ಮೆಕ್ಯಾನಿಕ್ "ಹೋಗಿದೆ ಸಾರ್" ಎಂದರೆ ಹೋಗಿದೆ. ಆಪ್ತವಾಕ್ಯಕ್ಕೆ ಎದುರಾಡಬಾರದು.

ಪೂರ್ವಪಕ್ಷ: ವಿಂಟರ್‌ಗ್ರೀನ್ ಎಣ್ಣೆಯನ್ನು ಝೈಲೀನಿಗೆ ಬೆರೆಸಿ ನೆನೆಹಾಕಿದರೆ ಯಾವ ರಬ್ಬರೂ ಮೆತ್ತಗಾಗುತ್ತದೆಂಬುದು ಮೃದುವಾದಿಗಳ ಮತ. ಆ ಎಣ್ಣೆಯ ಸಾರವಾದ ಮಿಥೈಲ್ ಸ್ಯಾಲಿಸಿಲೇಟೇ ನೋವಿನ ಮುಲಾಮಿನಲ್ಲೂ ಇದೆ. ಟ್ಯಾಂಕಿನ ಪಕ್ಕ ಸವಾರನ ಮಂಡಿ ಒರಗುವ ಪ್ಯಾಡಿಗೆ ಮಂಡಿನೋವಿನ ಔಷಧವೇ ಸಲ್ಲುತ್ತದೆಂಬ ಅವರ ವಾದದಲ್ಲಿ ತಥ್ಯವಿಲ್ಲದಿಲ್ಲ. ವಾಸನೆಯಂತೂ ವಠಾರಕ್ಕೆಲ್ಲ ಪ್ರತ್ಯಕ್ಷ.

ಸಿದ್ಧಾಂತ: ಆದರೆ ಎಣ್ಣೆ ಕೊಂಡಿಯನ್ನು ಬಿಚ್ಚದು. ಎಳೆಗಳ ನಡುವೆ ಹೊಕ್ಕು ಉಬ್ಬಿಸುವುದಷ್ಟೇ ಅದರ ಕೆಲಸ. ಅದು ಆರಿದಂತೆ ಕಾಠಿನ್ಯ ಮರಳುವುದು. ಆದಕಾರಣ ಪ್ಯಾಡ್, ಫುಟ್‌ರೆಸ್ಟ್ ಮುಂತಾದ ನೋಟದ ರಬ್ಬರಿಗೆ ಚಿಕಿತ್ಸೆ ಸಾಧು. ಆಯಿಲ್ ಸೀಲ್, ಪೆಟ್ರೋಲ್ ಪೈಪುಗಳಿಗೆ ಪುನರ್ಜನ್ಮವೇ ಗತಿ: ಹೊಸದು ತನ್ನಿ. ಡೈನಮೋ ಕಡೆಯ ಸೀಲ್ ಗಾಳಿ ಎಳೆದರೆ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿಯುತ್ತದೆ, ಅದರೊಡನೆ ಬರುವ ಆಯಿಲೂ ಸಾಲದಾಗುತ್ತದೆ. ಇಂಜಿನ್ ಕಾದು ಪಿಸ್ಟನ್ ಜಾಮ್ ಆಗುತ್ತದೆ.

ಫಲಶ್ರುತಿ: ಇದನ್ನೋದಿ ಸೀಲ್ ಬದಲಿಸಿದವನ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುವುದು. ಸೀಲನ್ನೂ ಎಣ್ಣೆಯಲ್ಲಿ ನೆನೆಹಾಕಿದವನು ಗಾಡಿ ತಳ್ಳುತ್ತ ಚಾಮುಂಡಿ ಬೆಟ್ಟ ಹತ್ತಿದ ಪುಣ್ಯಕ್ಕೆ ಭಾಜನನಾಗುವನು.